ಎರಡು ನಿಮಿಷ, ಐದು ಪೌಂಡ್

ಉತ್ತರ ಇಂಗ್ಲೆಂಡಿನ ಕನ್ನಡ ಕುಟುಂಬಗಳು ಸೇರಿದ್ದ ಒಂದು ಭಾನುವಾರ, ಸಿಕ್ಸ್ತ್ ಫಾರ್ಮ್‌ನಲ್ಲಿ, ಅಂದರೆ ಶಾಲೆಯ ಕೊನೆಯ ಎರಡು ವರ್ಷಗಳಲ್ಲಿ, ಓದುತ್ತಿರುವ ಮಕ್ಕಳಿಗೂ ಅವರ ತಂದೆ ತಾಯಿಯರಿಗೂ ಆಡಿದ ಮಾತುಗಳ ಬರಹ ರೂಪ ಇದು. ಅಂದು ಪರದೆಯ ಮೇಲೆ ತೋರಿಸಿದ ದೃಶ್ಯಗಳನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಹಿರಿಯರಿಗೆ ಎರಡು ಮಾತು. ಸಿನಿಮಾದ ಆರಂಭವೊಂದನ್ನು ಚಿತ್ರಿಸಬೇಕು ಎಂದು ನಿಮ್ಮ ಮಗಳೋ ಮಗನೋ ಮನೆಯಲ್ಲಿ ಹೇಳಿದರೆ, ಅದನ್ನು ಬಿಡುವಿನ ವೇಳೆಯ ಆಟ ಎಂದುಕೊಳ್ಳಬೇಡಿ. ಓಸಿಆರ್ ಎಂಬ ಪರೀಕ್ಷಾ ಮಂಡಳಿಯ ಹಳೆಯ ಎಎಸ್ (ಸಿಕ್ಸ್ತ್ ಫಾರ್ಮ್‌ನ ಮೊದಲ ವರ್ಷದ) ಮಾಧ್ಯಮ ಅಧ್ಯಯನದಲ್ಲಿ ಈ ಕೆಲಸ ವರ್ಷಗಟ್ಟಲೆ ಇತ್ತು. ಕೇಂಬ್ರಿಡ್ಜ್ ಇಂಟರ್‌ನ್ಯಾಷನಲ್ ಪಠ್ಯಕ್ರಮದಲ್ಲಿ ಇಂದಿಗೂ ಇದೆ. ಹೊಸ ಕಥಾಚಿತ್ರವೊಂದರ ಆರಂಭವನ್ನು ಶೀರ್ಷಿಕೆಗಳ ಸಮೇತ ಮಾಡಬೇಕು, 2 ನಿಮಿಷ ಮೀರುವಂತಿಲ್ಲ. ಉಳಿದ ಸಿನಿಮಾ ಎಲ್ಲಿ ಎಂದು ಕೇಳಬೇಡಿ. ಅದು ಎಲ್ಲೂ ಇರುವುದಿಲ್ಲ. ಆದರೆ ನೋಡಿದವರಿಗೆ ಅದು ಎಲ್ಲೋ ಇದೆ, ಮುಂದೇನಾಯಿತು ಎಂದು ತಿಳಿಯಲೇಬೇಕು ಎನ್ನಿಸಬೇಕು.

ಪ್ರತಿ ವರ್ಷ ತರಗತಿಯಲ್ಲಿ ಒಂದೆರಡು ಗುಂಪುಗಳಾದರೂ ಬ್ರಿಟಿಷ್ ಸಾಮಾಜಿಕ ವಾಸ್ತವವಾದವನ್ನು, ಅಂದರೆ ದುಡಿಯುವ ಜನರ ಬದುಕನ್ನು ಇದ್ದಂತೆಯೇ ತೋರಿಸುವ ಬಗೆಯ ಸಿನಿಮಾವನ್ನು, ಆರಿಸಿಕೊಳ್ಳುತ್ತವೆ. ಬಹಳ ಸಲ ಅದಕ್ಕೆ ಕಾರಣ ಖರ್ಚು. ಭೂತದ ಸಿನಿಮಾಕ್ಕೆ ಪ್ರಸಾಧನ ಬೇಕು, ಪತ್ತೇದಾರಿಗೆ ಕಾರು ಬೇಕು, ಇದಕ್ಕೆ ಒಂದು ಅಡುಗೆಮನೆ ಸಾಕು ಎಂಬ ಲೆಕ್ಕಾಚಾರ. ಸಾಕು ಎಂಬುದು ನಿಜವೇ. ಆದರೆ ಆ ಅಡುಗೆಮನೆಯಲ್ಲಿ ಏನಿಡಬೇಕು ಎಂಬುದು ಬೇರೆ ಯಾವ ಬಗೆಯ ಸಿನಿಮಾಕ್ಕಿಂತ ಇಲ್ಲಿ ಕಠಿಣ. ಇಂದು ನಾನು ಹೆಚ್ಚು ಹೊತ್ತು ಒಂದೇ ಗುಂಪಿನ ಕೆಲಸದ ಬಗ್ಗೆ ಮಾತನಾಡುತ್ತೇನೆ. ಏಕೆಂದರೆ ಕಲಿಸುವವನಾಗಿ ನಾನೂ ಅವರ ಜೊತೆಗೇ ಕಲಿತೆ.

ಕೆಲವು ವರ್ಷಗಳ ಹಿಂದಿನ ಮಾತು. ಮೂವರ ಗುಂಪು. ಒಬ್ಬಳು ನಮ್ಮ ಕಡೆಯವಳು, ತಂದೆ ತಾಯಿ ಹಾಸನದ ಕಡೆಯಿಂದ ಬಂದವರು. ಇನ್ನೊಬ್ಬಳು ಅವಳ ಗೆಳತಿ. ಮೂರನೆಯವನು ಹೆಚ್ಚು ಮಾತಾಡದ ಹುಡುಗ, ಇದೇ ಊರಿನವನು. ಅವರ ಮೊದಲ ಯೋಜನೆ ನನ್ನ ಮೇಜಿನ ಮೇಲೆ ಬಂದಾಗ ಅದರಲ್ಲಿ ಇದ್ದದ್ದು: ರಾತ್ರಿ, ಮಳೆ, ಮೇಲಿನಿಂದ ಕಾಣುವ ಕೌನ್ಸಿಲ್ ಮನೆಗಳ (ಸ್ಥಳೀಯ ಆಡಳಿತ ಬಾಡಿಗೆಗೆ ಕೊಡುವ ಮನೆಗಳ) ಸಾಲು, ಹುಡ್ ಹಾಕಿಕೊಂಡು ನಡೆಯುವ ಹುಡುಗ. ಒಂದು ಮನೆಯೊಳಗೆ ಕರೆಂಟು ಹೋಗುತ್ತದೆ. ತಾಯಿ ಮೇಣದಬತ್ತಿ ಹಚ್ಚುತ್ತಾಳೆ, ಅಳುತ್ತಾಳೆ, ಪಕ್ಕದಲ್ಲಿ ಮದ್ಯದ ಬಾಟಲಿ. ಹಿನ್ನೆಲೆಯಲ್ಲಿ ಪಿಯಾನೊ.

ಈ ಯೋಜನೆಯನ್ನು ನಾನು ಎಷ್ಟೋ ಸಲ ಓದಿದ್ದೇನೆ. ಮಕ್ಕಳು ಬದಲಾಗುತ್ತಾರೆ, ಮೇಣದಬತ್ತಿ ಬದಲಾಗುವುದಿಲ್ಲ. ಅಂದು ನಾನು ಶಾಟ್‌ಗಳ ಬಗ್ಗೆ ಏನೋ ಸಲಹೆ ಕೊಡುತ್ತಿದ್ದೆ. ಆಗ ಆ ಹುಡುಗ, ಎರಡು ವಾರ ಬಾಯಿ ಬಿಡದೆ ಕುಳಿತಿದ್ದವನು, ಮೇಜು ನೋಡುತ್ತಲೇ ಹೇಳಿದ: ‘ರಾತ್ರಿ ಹೊತ್ತು ಹೋಗುವುದಿಲ್ಲ.’

ಏನು ಹೋಗುವುದಿಲ್ಲ ಎಂದು ಕೇಳಿದೆ. ಕರೆಂಟು, ಎಂದ. ನಮ್ಮ ಮನೆಯಲ್ಲಿ ಕೀ ಮೀಟರ್ ಇದೆ, ಎಂದ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮಲ್ಲಿ ಹೆಚ್ಚಿನವರ ಮನೆಗೆ ವಿದ್ಯುತ್ ಬಿಲ್ಲು ತಿಂಗಳ ಕೊನೆಗೆ ಬರುತ್ತದೆ, ಬ್ಯಾಂಕಿನಿಂದ ಹಣ ತಾನಾಗಿಯೇ ಹೋಗುತ್ತದೆ. ಈ ದೇಶದಲ್ಲಿ ಲಕ್ಷಗಟ್ಟಲೆ ಮನೆಗಳಲ್ಲಿ ಹಾಗಲ್ಲ. ಮೊದಲು ಹಣ, ಆಮೇಲೆ ಕರೆಂಟು. ಬೆರಳುದ್ದದ ಒಂದು ಪ್ಲಾಸ್ಟಿಕ್ ಕೀಲಿ ಇರುತ್ತದೆ. ಮೂಲೆಯಂಗಡಿಗೆ ಹೋಗಿ ಅದರಲ್ಲಿ ಹಣ ತುಂಬಿಸಿಕೊಂಡು ಬಂದು, ಮೆಟ್ಟಿಲ ಕೆಳಗಿನ ಕಪಾಟಿನಲ್ಲೋ ಬಾಗಿಲ ಹಿಂದೆಯೋ ಇರುವ ಮೀಟರಿಗೆ ಚುಚ್ಚಬೇಕು. ಹಣ ಮುಗಿಯುತ್ತಾ ಬಂದರೆ ಒಂದಿಷ್ಟು ತುರ್ತು ಸಾಲವನ್ನು ಮೀಟರೇ ಕೊಡುತ್ತದೆ. ಅದನ್ನು ಎಲ್ಲರೂ ‘ಎಮರ್ಜೆನ್ಸಿ’ ಎನ್ನುತ್ತಾರೆ. ಅದೂ ಮುಗಿದರೆ ಕರೆಂಟು ನಿಲ್ಲುತ್ತದೆ. ಆದರೆ ಸಂಜೆಯಿಂದ ಬೆಳಗಿನವರೆಗೆ ಮತ್ತು ವಾರದ ಕೊನೆಯಲ್ಲಿ ಅನೇಕ ಕಂಪನಿಗಳು ನಿಲ್ಲಿಸುವುದಿಲ್ಲ. ಆ ಹೊತ್ತಿನಲ್ಲಿ ಉರಿದದ್ದನ್ನು ಬರೆದಿಟ್ಟುಕೊಂಡು, ವಾರದ ದಿನ ಬೆಳಗ್ಗೆ ಒಂಬತ್ತೋ ಹತ್ತೋ ಗಂಟೆಗೆ, ಒಳ್ಳೆಯ ಬೆಳಕಿರುವಾಗ, ಟಕ್ಕೆಂದು ನಿಲ್ಲಿಸುತ್ತವೆ.

ಹುಡುಗ ಇದನ್ನೆಲ್ಲ ಮೂರು ನಾಲ್ಕು ವಾಕ್ಯಗಳಲ್ಲಿ ಹೇಳಿದ. ಎರಡು ವಾರ ಏಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಗೆಳತಿಯರಿಬ್ಬರು ಅಷ್ಟು ಭರವಸೆಯಿಂದ ಮೇಣದಬತ್ತಿಯ ಬಗ್ಗೆ ಮಾತನಾಡುತ್ತಿರುವಾಗ, ತನ್ನ ಮನೆಯ ಕಪಾಟಿನೊಳಗಿನ ಮಾತನ್ನು ತೆಗೆದು ಮೇಜಿನ ಮೇಲಿಡುವುದು ಸುಲಭವಲ್ಲ.

ಆ ಒಂದು ವಾಕ್ಯದಿಂದ ಇಡೀ ಯೋಜನೆ ಕುಸಿಯಿತು. ರಾತ್ರಿ ಹೋಯಿತು, ಮೇಣದಬತ್ತಿ ಹೋಯಿತು, ಕತ್ತಲೆಯನ್ನೇ ನಂಬಿದ್ದ ಪಿಯಾನೊ ಹೋಯಿತು. ಅವುಗಳ ಜಾಗದಲ್ಲಿ ಬಂದದ್ದನ್ನು ನೋಡಿ: ಹಗಲು ಹೊತ್ತು ಕರೆಂಟು ಹೋದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಕಿವಿಗೆ ತಿಳಿಯುತ್ತದೆ. ಫ್ರಿಜ್ಜಿನ ಗುಂಯ್‌ಗುಡುವಿಕೆ ನಿಲ್ಲುತ್ತದೆ. ಅದು ನಿಂತಾಗಲೇ ಅಷ್ಟು ಹೊತ್ತು ಅದು ಇತ್ತು ಎಂದು ಗೊತ್ತಾಗುವುದು. ಇನ್ನೂ ಒಂದು ಪ್ರಶ್ನೆ ತಾನಾಗಿ ಹುಟ್ಟಿಕೊಂಡಿತು. ವಾರದ ದಿನ ಒಂಬತ್ತು ಗಂಟೆಗೆ ಹದಿನಾರು ವರ್ಷದ ಹುಡುಗಿ ಮನೆಯಲ್ಲಿ ಏಕಿದ್ದಾಳೆ? ಅವಳಿಗೆ ಶಾಲೆಯ ಯೂನಿಫಾರಂ ತೊಡಿಸಿದೆವು. ಸೋಫಾದ ಮೇಲೆ ಕೆಮ್ಮುತ್ತಿರುವ ಆರು ವರ್ಷದ ತಮ್ಮನನ್ನು ಕೂರಿಸಿದೆವು. ತಾಯಿ ಕೆಲಸಕ್ಕೆ ಹೋಗಿದ್ದಾಳೆ. ಯಾರೂ ಒಂದು ಮಾತು ಆಡುವ ಮೊದಲೇ, ಯೂನಿಫಾರಮ್ಮೂ ಗಡಿಯಾರವೂ ಸೇರಿ ಅರ್ಧ ಕಥೆ ಹೇಳಿಬಿಟ್ಟವು. ಅಳುವ ತಾಯಿ, ಬಾಟಲಿ, ಹುಡ್ ಯಾವುದೂ ಬೇಕಾಗಲಿಲ್ಲ.

ಈ ಬಗೆಯ ಸಿನಿಮಾದ ಆರಂಭವನ್ನು ಯೋಜಿಸುವವರಿಗೆ ನಾನು ಹೇಳುವುದು ಇದನ್ನೇ. ಕಷ್ಟ ಹೇಗೆ ಕಾಣುತ್ತದೆ ಎಂದು ಹುಡುಕಬೇಡಿ, ಕಷ್ಟದ ಲೆಕ್ಕ ಹೇಗೆ ನಡೆಯುತ್ತದೆ ಎಂದು ಹುಡುಕಿ. ಎಷ್ಟು ಗಂಟೆಗೆ, ಎಷ್ಟು ಪೌಂಡಿಗೆ, ಯಾವ ನಿಯಮದ ಪ್ರಕಾರ? ಇದು ನನ್ನ ಸ್ವಂತ ಸಿದ್ಧಾಂತವೇನೂ ಅಲ್ಲ. ಈ ಪರಂಪರೆಯ ಒಳ್ಳೆಯ ಆರಂಭಗಳನ್ನು ಸಾಲಾಗಿ ಇಟ್ಟು ನೋಡಿ.

1960ರ ‘ಸ್ಯಾಟರ್ಡೇ ನೈಟ್ ಅಂಡ್ ಸಂಡೇ ಮಾರ್ನಿಂಗ್’. ಕಾರೆಲ್ ರೈಸ್ ನಿರ್ದೇಶನ, ಅಲನ್ ಸಿಲಿಟೋ ಅವರದೇ ಕಾದಂಬರಿ, ಅವರದೇ ಚಿತ್ರಕಥೆ. ಊರು ನಾಟಿಂಗ್‌ಹ್ಯಾಮ್. ಆಲ್ಬರ್ಟ್ ಫಿನ್ನಿ ಲೇತ್ ಯಂತ್ರದ ಮುಂದೆ ನಿಂತು ಬಿಡಿಭಾಗಗಳನ್ನು ಎಣಿಸುತ್ತಿದ್ದಾನೆ. ಒಂಬೈನೂರ ಐವತ್ತನಾಲ್ಕು, ಐವತ್ತೈದು. ದಿನಕ್ಕೆ ಸಾವಿರ ಮಾಡಿದರೆ ವಾರಕ್ಕೆ 14 ಪೌಂಡ್ 3 ಶಿಲಿಂಗ್ 2 ಪೆನ್ಸ್. ಎಣಿಕೆಯಿಂದಲೇ ಸಿನಿಮಾ ಶುರು. ಆ ಎಣಿಕೆಯಲ್ಲಿರುವ ಬೇಸರ, ಹೆಮ್ಮೆ, ಸಿಟ್ಟು ಮೂರನ್ನೂ ಫಿನ್ನಿಯ ದನಿ ಹೊತ್ತು ನಿಲ್ಲುತ್ತದೆ.

1969ರ ‘ಕೆಸ್’. ಕೆನ್ ಲೋಚ್, ಬಾರ್ನ್‌ಸ್ಲಿ ಊರು, ಬ್ಯಾರಿ ಹೈನ್ಸ್ ಅವರ ಕಾದಂಬರಿ. ಮುಂಜಾವದ ಕತ್ತಲು, ಅಲಾರಂ ಬಡಿಯುತ್ತದೆ. ಒಂದೇ ಮಂಚದಲ್ಲಿ ಇಬ್ಬರು: ಗಣಿಗೆ ಹೋಗಬೇಕಾದ ದೊಡ್ಡವನು, ಇನ್ನೂ ಶಾಲೆಯಲ್ಲಿರುವ ಬಿಲ್ಲಿ. ಒಂದು ಮಂಚ, ಎರಡು ಜೀವ, ಒಂದು ಅಲಾರಂ. ಈ ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಈ ಹುಡುಗನ ಮುಂದಿನ ದಾರಿ ಎಲ್ಲಿಗೆ ಎಂದು ಊರು ನಿರ್ಧರಿಸಿದೆ, ಎಲ್ಲವೂ ಆ ಹಾಸಿಗೆಯಲ್ಲೇ ಇದೆ.

2016ರ ‘ಐ, ಡೇನಿಯಲ್ ಬ್ಲೇಕ್’ ಸಿನಿಮಾದ ಆರಂಭವನ್ನು ನಾನು ಮಕ್ಕಳಿಗೆ ಎರಡು ಸಲ ತೋರಿಸುತ್ತೇನೆ. ಮೊದಲ ಸಲ ಅವರು ಪರದೆ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕಪ್ಪು ಪರದೆ, ಬಿಳಿ ಅಕ್ಷರಗಳು, ಎರಡು ದನಿಗಳು. ಹೃದಯಾಘಾತವಾಗಿರುವ ಬಡಗಿಯೊಬ್ಬನಿಗೆ ಸರ್ಕಾರದ ನೆರವು ಸಿಗಬೇಕೇ ಎಂದು ತೀರ್ಮಾನಿಸಲು ಹೆಂಗಸೊಬ್ಬಳು ಪ್ರಶ್ನೆಪಟ್ಟಿ ಓದುತ್ತಿದ್ದಾಳೆ. 50 ಮೀಟರ್ ನಡೆಯಬಲ್ಲಿರಾ? ಮೇಲಿನ ಜೇಬಿಗೆ ಏನನ್ನಾದರೂ ಹಾಕುವಷ್ಟು ಕೈ ಎತ್ತಬಲ್ಲಿರಾ? ನನ್ನ ತೊಂದರೆ ಇರುವುದು ಹೃದಯದಲ್ಲಿ ಎಂದು ಅವನು ಹೇಳುತ್ತಲೇ ಇರುತ್ತಾನೆ, ಪಟ್ಟಿ ಮುಂದುವರಿಯುತ್ತಲೇ ಇರುತ್ತದೆ. ಒಂದು ಚಿತ್ರವೂ ಇಲ್ಲದೆ ಒಂದು ಇಡೀ ವ್ಯವಸ್ಥೆ ನಮ್ಮ ಮುಂದೆ ಬಂದು ಕೂರುತ್ತದೆ. ಕ್ಯಾಮೆರಾ ಇಲ್ಲ, ಬೆಳಕಿಲ್ಲ, ನಮ್ಮ ಬಳಿ ಏನೂ ಇಲ್ಲ ಎಂದು ದೂರುವ ವಿದ್ಯಾರ್ಥಿಗಳೇ, ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಪಡೆದ ಸಿನಿಮಾ ಹೀಗೆ ಶುರುವಾಗುತ್ತದೆ.

ಆಂಡ್ರಿಯಾ ಆರ್ನಲ್ಡ್ ಅವರ 2009ರ ‘ಫಿಶ್ ಟ್ಯಾಂಕ್’ ಸ್ವಲ್ಪ ಬೇರೆ ಜಾತಿಯದು. ಮೊದಲು ಏದುಸಿರು ಕೇಳುತ್ತದೆ. ಆಮೇಲೆ ನೀಲಿ ಗೋಡೆಯ ಖಾಲಿ ಫ್ಲ್ಯಾಟಿನಲ್ಲಿ ಬಗ್ಗಿ ನಿಂತ ಹದಿನೈದರ ಹುಡುಗಿ. ಒಬ್ಬಳೇ ಕುಣಿದು ದಣಿದಿದ್ದಾಳೆ. ಛಾಯಾಗ್ರಾಹಕ ರಾಬಿ ರಯನ್. ಚೌಕಟ್ಟು ಈಗಿನ ಸಿನಿಮಾಗಳಂತೆ ಅಗಲವಾಗಿಲ್ಲ, ಹಳೆಯ ಟೀವಿಯ 4:3 ಅಳತೆ. ಒಬ್ಬಳೇ ನಿಲ್ಲಲು ತಕ್ಕ ಚೌಕಟ್ಟು. ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಕಡಿಮೆ. ನನ್ನ ಮಾತಿನ ಲೆಕ್ಕಕ್ಕೆ ಸಿಗದ ಆರಂಭ ಇದು. ಹಾಗಿದ್ದೂ ಇಲ್ಲಿ ಇಟ್ಟಿದ್ದೇನೆ, ಏಕೆಂದರೆ ಬಡತನವಿರುವ ಕಡೆ ಕುಣಿತವೂ ಇರುತ್ತದೆ ಎಂಬುದನ್ನು ಯೋಜನೆ ಬರೆಯುವ ಮಕ್ಕಳು ಬಹಳ ಬೇಗ ಮರೆಯುತ್ತಾರೆ.

ಇದರ ಬೇರು ಇನ್ನೂ ಹಿಂದಿದೆ. 1935ರ ‘ಹೌಸಿಂಗ್ ಪ್ರಾಬ್ಲಮ್ಸ್’ ಎಂಬ ಚಿಕ್ಕ ಸಾಕ್ಷ್ಯಚಿತ್ರದಲ್ಲಿ ಲಂಡನ್ನಿನ ಸ್ಟೆಪ್ನಿಯ ಕೊಳೆಗೇರಿಯ ಜನ ತಮ್ಮ ಕೋಣೆಯಲ್ಲೇ ನಿಂತು, ಕ್ಯಾಮೆರಾ ನೋಡಿ, ತಮ್ಮ ಮಾತಿನಲ್ಲೇ ಇಲಿ ಹೆಗ್ಗಣಗಳ ಬಗ್ಗೆ ಹೇಳಿದರು. ಆ ಕಾಲಕ್ಕೆ ಅದು ದೊಡ್ಡ ಸಂಗತಿ. ಅದಕ್ಕೆ ಹಣ ಕೊಟ್ಟದ್ದು ಅಡುಗೆ ಅನಿಲದ ಉದ್ಯಮ ಎಂಬುದನ್ನೂ ನೆನಪಿಡಿ. ಯಾರು ಹಣ ಹಾಕಿದರು ಎಂದು ಕೇಳುವ ಅಭ್ಯಾಸ ಒಳ್ಳೆಯದು. 1956ರಲ್ಲಿ ಲಿಂಡ್ಸೆ ಆಂಡರ್ಸನ್, ರೈಸ್, ಟೋನಿ ರಿಚರ್ಡ್‌ಸನ್, ಲೊರೆಂಜಾ ಮಜೆಟ್ಟಿ ಸೇರಿ ‘ಫ್ರೀ ಸಿನಿಮಾ’ ಎಂದು ತಮ್ಮ ಚಿತ್ರಗಳನ್ನು ಒಟ್ಟಿಗೆ ತೋರಿಸಿದರು. 1966ರ ನವೆಂಬರಿನಲ್ಲಿ ಬಿಬಿಸಿಯಲ್ಲಿ ಬಂದ, ಮನೆ ಕಳೆದುಕೊಂಡ ಕುಟುಂಬವೊಂದರ ಕಥೆ ಹೇಳುವ ಟೀವಿ ನಾಟಕ ‘ಕ್ಯಾಥಿ ಕಮ್ ಹೋಮ್’ ಅನ್ನು ಸುಮಾರು 1.2 ಕೋಟಿ ಜನ ನೋಡಿದರು. ಇವೆಲ್ಲ ಪಠ್ಯದಲ್ಲಿ ಇವೆ, ಓದಿಕೊಳ್ಳಿ.

ಒಂದು ಎಚ್ಚರಿಕೆಯನ್ನು ಮಾತ್ರ ಬಿಡಿಸಿ ಹೇಳಬೇಕು. ಅರವತ್ತರ ದಶಕದ ಆ ಸಿನಿಮಾಗಳಲ್ಲಿ ಗುಡ್ಡದ ಮೇಲಿನಿಂದ ಊರನ್ನು ತೋರಿಸುವ ಶಾಟ್ ಮತ್ತೆ ಮತ್ತೆ ಬರುತ್ತದೆ. ಕೆಳಗೆ ಚಿಮಣಿಗಳು, ಹೊಗೆ, ಒಂದೇ ಥರದ ಮಾಡುಗಳ ಸಾಲು. ನೋಡಲು ಸುಂದರ. ಆದರೆ ಆ ಗುಡ್ಡದ ಮೇಲೆ ನಿಂತು ನೋಡುತ್ತಿರುವವರು ಯಾರು? ಕೆಳಗೆ ವಾಸಿಸುವವರಿಗೆ ಊರು ಹಾಗೆ ಕಾಣುವುದೇ ಇಲ್ಲ. ಅವರಿಗೆ ಕಾಣುವುದು ಎದುರು ಮನೆಯ ಕಿಟಕಿ, ಬಸ್ ನಿಲ್ದಾಣ, ಅಂಗಡಿಯ ಬಾಗಿಲು. ಇಂದಿನ ಮಕ್ಕಳು ಅದೇ ಶಾಟನ್ನು ಡ್ರೋನ್‌ನಲ್ಲಿ ತೆಗೆಯಲು ಬಯಸುತ್ತಾರೆ. ನಮ್ಮ ಗುಂಪೂ ಬಯಸಿತ್ತು. ಅದನ್ನು ತೆಗೆದುಹಾಕಿ, ಇಡೀ ಆರಂಭದಲ್ಲಿ ಆ ಹುಡುಗಿಯ ಕಣ್ಣಿನ ಎತ್ತರಕ್ಕಿಂತ ಮೇಲೆ ಕ್ಯಾಮೆರಾ ಹೋಗಬಾರದು ಎಂದು ನಿಯಮ ಮಾಡಿಕೊಂಡರು. ಒಂದು ನಿಯಮ ಇಟ್ಟುಕೊಂಡರೆ ಹತ್ತು ಜಗಳ ತಪ್ಪುತ್ತದೆ.

ಇನ್ನು ಅಂಗಡಿ. ಕೀಲಿಗೆ ಹಣ ತುಂಬಿಸುವ ದೃಶ್ಯ ಬೇಕಲ್ಲ. ಬರೆಯುವ ಮೊದಲು ಹೋಗಿ ನಿಂತು ನೋಡಿ ಎಂದೆ. ಮೂವರೂ ಒಂದು ಶನಿವಾರ ಮೂಲೆಯಂಗಡಿಗೆ ಹೋಗಿ, ತಾವು ಯಾರು, ಏಕೆ ಬಂದಿದ್ದೇವೆ ಎಂದು ಹೇಳಿ, ಅಂಗಡಿಯವರ ಅನುಮತಿ ಪಡೆದು, ಚಾಕೊಲೇಟ್ ಕಪಾಟಿನ ಪಕ್ಕ ಒಂದು ಗಂಟೆ ನಿಂತರು. ಗಿರಾಕಿಗಳ ಚಿತ್ರ ತೆಗೆಯಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡರು. ಹಿಂದಿರುಗಿ ಬಂದಾಗ ಅವರ ಬಳಿ ಒಂದು ರತ್ನವಿತ್ತು. ಚಿಕ್ಕ ಮೊತ್ತ ಹಾಕಿಸಲು ಬಂದವರಿಗೆ ಅಂಗಡಿಯವರು ಮೆಲ್ಲಗೆ ಒಂದು ಪ್ರಶ್ನೆ ಕೇಳುತ್ತಿದ್ದರಂತೆ: ‘ಎಮರ್ಜೆನ್ಸಿ ಬಳಸಿದ್ದೀರಾ?’

ಏಕೆ ಕೇಳುತ್ತಾರೆ? ತುರ್ತು ಸಾಲ ಬಳಸಿದ್ದರೆ, ಹಾಕಿದ ಹಣದಿಂದ ಮೀಟರು ಮೊದಲು ಆ ಸಾಲವನ್ನು ಹಿಡಿದುಕೊಳ್ಳುತ್ತದೆ. ಐದು ಪೌಂಡ್ ತುರ್ತು ಸಾಲವನ್ನು ಪೂರ್ತಿ ಬಳಸಿ, ರಾತ್ರಿ ಉರಿದದ್ದೂ ಬಾಕಿಯಿರುವಾಗ ಐದು ಪೌಂಡ್ ಹಾಕಿದರೆ ಆ ಐದೂ ಹೋಯಿತು. ಕರೆಂಟು ಬರುವುದಿಲ್ಲ. ಗೊತ್ತಿಲ್ಲದೆ ಹಾಕಿಸಿಕೊಂಡು ಹೋಗಿ ಮತ್ತೆ ಬರಬಾರದೆಂದು ಅಂಗಡಿಯವರು ಕೇಳುತ್ತಿದ್ದದ್ದು. ಅದರಲ್ಲಿ ದಯೆ ಇತ್ತು, ಸಾಲಿನಲ್ಲಿ ಹಿಂದೆ ನಿಂತವರಿಗೆ ಕೇಳಿಸಬಾರದೆಂಬ ಸೂಕ್ಷ್ಮವೂ ಇತ್ತು.

ನಮ್ಮ ಸಿನಿಮಾದ ಹುಡುಗಿಗೆ ಅಂಗಡಿಯವರು ಈ ಪ್ರಶ್ನೆ ಕೇಳುತ್ತಾರೆ. ಅವಳು ‘ಇಲ್ಲ’ ಎನ್ನುತ್ತಾಳೆ. ಸುಳ್ಳು ಹೇಳುತ್ತಿಲ್ಲ. ನಿನ್ನೆ ಸಂಜೆ ತಾಯಿ ಕೀಲಿ ಚುಚ್ಚಿ ತುರ್ತು ಸಾಲ ತೆಗೆದದ್ದು ಅವಳಿಗೆ ಗೊತ್ತಿಲ್ಲ. ಇಲ್ಲಿಂದ ಮುಂದೆ ಆ ಇಲ್ಲದ ಸಿನಿಮಾ ತಾನಾಗಿ ಬೆಳೆಯತೊಡಗಿತು. ತಾಯಿ ಇನ್ನೇನು ಮುಚ್ಚಿಟ್ಟಿದ್ದಾಳೆ? ಮಗಳಿಗೆ ಯಾವಾಗ ತಿಳಿಯುತ್ತದೆ? ಪರೀಕ್ಷಕರಿಗೆ ಒಪ್ಪಿಸುವ ಟಿಪ್ಪಣಿಯಲ್ಲಿ ಸಾಮಾಜಿಕ ಗುಂಪುಗಳನ್ನು ಹೇಗೆ ಪ್ರತಿನಿಧಿಸಿದ್ದೀರಿ ಎಂಬ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ. ಬೇರೆ ಗುಂಪುಗಳು ಅಲ್ಲಿ ಪುಸ್ತಕದ ಮಾತು ತುಂಬಿಸುವಾಗ, ಇವರಿಗೆ ಬರೆಯಲು ನಿಜವಾದ ವಿಷಯವಿತ್ತು.

ಶಾಟ್ ಪಟ್ಟಿ ಹೀಗೆ ಆಯಿತು. ಮೊದಲು 12 ಸೆಕೆಂಡು ಕಪ್ಪು. ಫ್ರಿಜ್ಜಿನ ಸದ್ದು, ದೂರದಲ್ಲಿ ಟೀವಿಯ ಕಾರ್ಟೂನ್. ಬಿಳಿ ಅಕ್ಷರಗಳಲ್ಲಿ ಹೆಸರುಗಳು, ಚಿಕ್ಕದಾಗಿ, ಯಾವ ಅಲಂಕಾರವೂ ಇಲ್ಲದೆ. ಆಮೇಲೆ ಅಡುಗೆಮನೆ. ಓವನ್ನಿನ ಹಸಿರು ಅಂಕಿಗಳು 9:02 ತೋರಿಸುತ್ತಿವೆ, ಹುಡುಗಿಯ ಬೆನ್ನು, ಅವಳು ತಮ್ಮನಿಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಾಳೆ. ಅಂಕಿಗಳು ಆರುತ್ತವೆ. ಸದ್ದು ನಿಲ್ಲುತ್ತದೆ. ಅವಳು ತಿರುಗಿ ನೋಡುವುದಿಲ್ಲ. ಈ ‘ತಿರುಗಿ ನೋಡುವುದಿಲ್ಲ’ ಎಂಬುದಕ್ಕಾಗಿ ಮೂವರೂ ಒಂದು ಮಧ್ಯಾಹ್ನವಿಡೀ ವಾದಿಸಿದರು. ತಿರುಗಿದರೆ ಇದು ಮೊದಲ ಸಲ, ತಿರುಗದಿದ್ದರೆ ಇದು ಎಷ್ಟನೆಯದೋ. ಅವಳ ಚಾಕು ಬ್ರೆಡ್ಡಿನ ಮೇಲೆ ಒಂದು ಕ್ಷಣ ನಿಂತು, ಮತ್ತೆ ಬೆಣ್ಣೆ ಹಚ್ಚಿ ಮುಗಿಸುತ್ತದೆ.

ಮುಂದೆ ಕಪ್ಪಾದ ಟೀವಿಯಲ್ಲಿ ತಮ್ಮನ ಮಸುಕು ಪ್ರತಿಬಿಂಬ. ಮೆಟ್ಟಿಲ ಕೆಳಗಿನ ಕಪಾಟು. ಕೋಟುಗಳನ್ನೂ ಕಸ ಹೀರುವ ಯಂತ್ರವನ್ನೂ ಸರಿಸಿ ಕೀಲಿ ತೆಗೆಯುವ ಕೈ. ಬೀದಿಯಲ್ಲಿ ಅವಳ ಹೆಗಲ ಹಿಂದೆಯೇ ನಡೆಯುವ ಕ್ಯಾಮೆರಾ, ಒಂದೇ ಉದ್ದ ಶಾಟ್, 20 ಸೆಕೆಂಡು. ಅಂಗಡಿಯ ಕಟ್ಟೆಯ ಮೇಲೆ ಎಣಿಸಿ ಇಟ್ಟ ನಾಣ್ಯಗಳು. ಪ್ರಶ್ನೆ, ಉತ್ತರ. ಮತ್ತೆ ಮನೆ, ಮತ್ತೆ ಕಪಾಟು. ಒಟ್ಟು 14 ಶಾಟ್. ಮೊದಲ ಪಟ್ಟಿಯಲ್ಲಿ 31 ಇದ್ದವು.

ಸದ್ದಿನ ವಿಷಯದಲ್ಲಿ ನಾನು ಹಟಮಾರಿ. ಸಂಗೀತ ಬೇಡ. ಫ್ರಿಜ್ಜಿನ ಸದ್ದನ್ನು ಫೋನನ್ನು ಅದರ ಹಿಂಬದಿಗೆ ಹತ್ತಿರ ಹಿಡಿದು ಬೇರೆಯಾಗಿ ಮುದ್ರಿಸಿಕೊಳ್ಳಿ. ಕರೆಂಟು ತೆಗೆದ ಮೇಲೆ ಅದೇ ಅಡುಗೆಮನೆಯ ಮೌನವನ್ನೂ ಒಂದು ನಿಮಿಷ ಮುದ್ರಿಸಿಕೊಳ್ಳಿ. ಮೌನವೆಂದರೆ ಧ್ವನಿಪಟ್ಟಿಯನ್ನು ಖಾಲಿ ಬಿಡುವುದಲ್ಲ. ಖಾಲಿ ಬಿಟ್ಟರೆ ಕಂಪ್ಯೂಟರು ಕೆಟ್ಟಂತೆ ಕೇಳುತ್ತದೆ. ನಿಜವಾದ ಮೌನದಲ್ಲಿ ದೂರದ ರಸ್ತೆ, ಪಕ್ಕದ ಮನೆಯ ನಾಯಿ, ಮಗುವಿನ ಮೂಗಿನ ಉಸಿರು ಇರುತ್ತವೆ. ಪಕ್ಕದ ಮನೆಯಲ್ಲಿ ಕರೆಂಟಿದೆ ಎಂದು ತೋರಿಸಲು ಗೋಡೆಯಾಚೆಯ ವಾಷಿಂಗ್ ಮೆಷಿನ್ನಿನ ಸದ್ದು ಸೇರಿಸಿದ್ದು ಆ ಹಾಸನದ ಹುಡುಗಿಯ ಯೋಚನೆ. ನನಗೆ ಅದು ಹೊಳೆದಿರಲಿಲ್ಲ.

ಭಾಷೆಯ ಬಗ್ಗೆಯೂ ಒಂದು ಮಾತು. ಕುಂದಾಪುರದ ಕನ್ನಡಕ್ಕೂ ಧಾರವಾಡದ ಕನ್ನಡಕ್ಕೂ ಇರುವ ಅಂತರ ಬಲ್ಲ ನಮಗೆ ಇದು ಬೇಗ ಅರ್ಥವಾಗುತ್ತದೆ. ಬಾರ್ನ್‌ಸ್ಲಿಯ ಮಾತು ಲಂಡನ್ನಿನ ಮಾತಲ್ಲ. ನಿಮ್ಮ ನಟರು ತಮ್ಮ ಮನೆಯಲ್ಲಿ ಹೇಗೆ ಮಾತನಾಡುತ್ತಾರೋ ಹಾಗೆಯೇ ಆಡಲಿ. ಟೀವಿಯಲ್ಲಿ ಕೇಳಿದ ಬಡವರ ಉಚ್ಚಾರಣೆಯನ್ನು ಅನುಕರಿಸುವುದು ಅವಮಾನ.

ಚಿತ್ರೀಕರಣದ ಕೆಲವು ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಡಿಸೆಂಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಸೂರ್ಯ ಮಧ್ಯಾಹ್ನ 3:50ಕ್ಕೆಲ್ಲ ಮುಳುಗುತ್ತಾನೆ. ಕಾಲೇಜು ಮುಗಿಸಿ ಚಿತ್ರೀಕರಿಸುತ್ತೇವೆ ಎಂದರೆ ಬೆಳಗಿನ ಒಂಬತ್ತು ಗಂಟೆ ಎಲ್ಲಿಂದ ಬರುತ್ತದೆ? ಶನಿವಾರ ಬೆಳಗ್ಗೆ ಎದ್ದು ಹೋಗಿ, ಬೀದಿಯಲ್ಲಿ ಆಡುವ ಮಕ್ಕಳು ಹೊರಬರುವ ಮೊದಲೇ ಹೊರಾಂಗಣ ಮುಗಿಸಿ, ಏಕೆಂದರೆ ಕಥೆಯಲ್ಲಿ ಅದು ಶಾಲೆಯ ದಿನ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣುಕುತ್ತದೆ. ಇಲ್ಲಿಯ ವಿದ್ಯುತ್ತು ನಮ್ಮ ಊರಿನಂತೆಯೇ 50 ಹರ್ಟ್ಸ್, ಹಾಗಾಗಿ ಫೋನಿನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಎಂದು ಕಟ್ಟಿಹಾಕಿ. ಬೆಳಕಿನ ಅಳತೆಯನ್ನೂ ಬೀಗ ಹಾಕಿ, ಇಲ್ಲದಿದ್ದರೆ ಕಿಟಕಿಯ ಮುಂದೆ ಹಾದಾಗಲೆಲ್ಲ ಮುಖ ಕಪ್ಪಾಗುತ್ತದೆ. ಅಂಗಡಿಯವರಿಂದ ಅನುಮತಿಯನ್ನು ಬರಹದಲ್ಲಿ ಪಡೆಯಿರಿ. ಆರು ವರ್ಷದ ಮಗು ನಟಿಸುತ್ತಿದ್ದರೆ ಅದರ ತಂದೆಯೋ ತಾಯಿಯೋ ಅದೇ ಕೋಣೆಯಲ್ಲಿರಬೇಕು. ಯೂನಿಫಾರಮ್ಮಿನಿಂದ ನಿಜವಾದ ಶಾಲೆಯ ಲಾಂಛನ ತೆಗೆಯಿರಿ.

ನಟನೆಯ ಬಗ್ಗೆ ಸ್ವಲ್ಪ ನಿಧಾನವಾಗಿ. ಈ ಪರಂಪರೆಯಲ್ಲಿ ನಟರಲ್ಲದವರನ್ನು ಬಳಸುವುದು ಹೆಮ್ಮೆಯ ವಿಷಯ. ‘ಫಿಶ್ ಟ್ಯಾಂಕ್’ ನಾಯಕಿ ಕೇಟಿ ಜಾರ್ವಿಸ್ ಸಿಕ್ಕಿದ್ದು ಟಿಲ್ಬರಿ ರೈಲು ನಿಲ್ದಾಣದಲ್ಲಿ, ಗೆಳೆಯನೊಡನೆ ಜಗಳವಾಡುತ್ತಿದ್ದಾಗ. ‘ಕೆಸ್’ನ ಬಿಲ್ಲಿಯಾದ ಡೇವಿಡ್ ಬ್ರಾಡ್ಲಿ ಅಲ್ಲಿಯದೇ ಶಾಲೆಯ ಹುಡುಗ. ಇವನ್ನು ಕೇಳಿ ಮಕ್ಕಳು ಪುಳಕಗೊಳ್ಳುತ್ತಾರೆ. ನಾನು ಇನ್ನೊಂದನ್ನೂ ಹೇಳುತ್ತೇನೆ: ‘ಕೆಸ್’ನಲ್ಲಿ ಮುಖ್ಯೋಪಾಧ್ಯಾಯರು ಹುಡುಗರಿಗೆ ಬೆತ್ತದಲ್ಲಿ ಹೊಡೆಯುವ ದೃಶ್ಯದಲ್ಲಿ ಏಟು ನಿಜವಾಗಿಯೇ ಬಿದ್ದಿತ್ತು. ನಾನು ಆ ಸಿನಿಮಾವನ್ನು ಪ್ರೀತಿಸುತ್ತೇನೆ, ಆ ದೃಶ್ಯವನ್ನು ನೋಡುವಾಗ ನೆಮ್ಮದಿಯಿಂದ ಕುಳಿತುಕೊಳ್ಳಲಾರೆ. ನಿಜದಂತೆ ಕಾಣಲಿ ಎಂದು ಯಾರಿಗೂ ನಿಜವಾದ ನೋವು ಕೊಡಬೇಡಿ. ತಮ್ಮನಾಗಿ ನಟಿಸುವ ಮಗುವಿಗೆ ಕರೆಂಟು ಹೋಗುತ್ತದೆ ಎಂದು ಮೊದಲೇ ಹೇಳಿ. ಬೇಕಿದ್ದರೆ ಸ್ವಿಚ್ಚನ್ನು ಅವನ ಕೈಯಲ್ಲೇ ಒತ್ತಿಸಿ ತೋರಿಸಿ.

ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತ ತಾಯಿಯೊಬ್ಬರು ಚಹಾದ ಹೊತ್ತಿನಲ್ಲಿ ನನ್ನನ್ನು ಕೇಳಿದರು: ‘ಸರ್, ನಮ್ಮ ಮಕ್ಕಳು ಕಷ್ಟ ಕಂಡವರಲ್ಲ. ಅವರು ಇಂಥದ್ದನ್ನು ಮಾಡುವುದು ಸರಿಯೇ?’ ಈ ಪ್ರಶ್ನೆಗೆ ನಾನು ಋಣಿ. ಕಂಡಿಲ್ಲದ ಕಷ್ಟವನ್ನು ಊಹಿಸಿ, ಹುಡ್ ತೊಡಿಸಿ, ಬೇರೆ ಬಡಾವಣೆಗೆ ಹೋಗಿ ಚಿತ್ರೀಕರಿಸಿ ಬರುವುದು ಸರಿಯಲ್ಲ. ಸರಿಯಾಗಿ ಮಾಡಲು ಎರಡು ದಾರಿಗಳಿವೆ. ಒಂದು, ಗುಂಪಿನೊಳಗೆ ಗೊತ್ತಿರುವವರು ಬಾಯಿ ಬಿಡುವಷ್ಟು ಜಾಗ ಕೊಡುವುದು. ಆ ಹುಡುಗನ ಮಾತು ಎರಡು ವಾರ ತಡವಾಗಿ ಬಂದದ್ದರಲ್ಲಿ ನನ್ನ ತಪ್ಪೂ ಇತ್ತು. ನಾನು ಶಾಟ್‌ಗಳ ಬಗ್ಗೆ ಮಾತನಾಡುತ್ತಿದ್ದೆ, ಯಾರ ಮನೆಯಲ್ಲಿ ಏನಿದೆ ಎಂದು ಕೇಳುವ ಬಗೆ ನನಗೆ ತಿಳಿದಿರಲಿಲ್ಲ. ಇನ್ನೊಂದು, ನಮ್ಮ ಮನೆಗಳನ್ನೇ ಸರಿಯಾಗಿ ನೋಡುವುದು. 2022ರ ಫೆಬ್ರವರಿಯಲ್ಲಿ ಆರೈಕೆ ಕೆಲಸದವರಿಗೆ ವೀಸಾ ತೆರೆದಾಗ ನಮ್ಮ ದೇಶದಿಂದ ಎಷ್ಟೋ ಜನ ಬಂದರು. 2024ರ ಮಾರ್ಚ್‌ನಿಂದ ಹೊಸದಾಗಿ ಬರುವವರು ಕುಟುಂಬವನ್ನು ಕರೆತರುವಂತಿಲ್ಲ ಎಂದಾಯಿತು, 2025ರ ಜುಲೈಯಲ್ಲಿ ಹೊರದೇಶದಿಂದ ಹೊಸಬರನ್ನು ಕರೆಸುವುದೇ ನಿಂತಿತು. ವೃದ್ಧರ ಮನೆಯಿಂದ ಮನೆಗೆ ಹೋಗಿ ಹದಿನೈದು ನಿಮಿಷದ ಭೇಟಿಯಲ್ಲಿ ಊಟ, ಔಷಧ, ಸ್ನಾನ ಎಲ್ಲ ಮುಗಿಸಬೇಕಾದ ಚಿಕ್ಕಮ್ಮನೋ ಅತ್ತೆಯೋ ಯಾರದಾದರೂ ಬಳಗದಲ್ಲಿ ಇದ್ದೇ ಇರುತ್ತಾರೆ. ಲೋಚ್ ಅವರ 2019ರ ‘ಸಾರಿ ವಿ ಮಿಸ್ಡ್ ಯೂ’ ಸಿನಿಮಾದ ತಾಯಿಯ ಕೆಲಸವೂ ಅದೇ. ಅವರ ಫೋನಿನಲ್ಲಿ ಇಡೀ ದಿನದ ಪಟ್ಟಿ ಇರುತ್ತದೆ. ಹೋಗಿ ಕೇಳಿ. ಎರಡು ಭೇಟಿಗಳ ನಡುವೆ ಬಸ್ಸಿಗೆ ಎಷ್ಟು ಹೊತ್ತು, ಆ ಹೊತ್ತಿಗೆ ಕೂಲಿ ಉಂಟೇ ಎಂದು ಕೇಳಿ. ಅವರು ಹೇಳಲು ಇಷ್ಟಪಡದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಕೊನೆಯ ಶಾಟ್ ಬಗ್ಗೆ ಹೇಳದೆ ಉಳಿಸಿಕೊಂಡಿದ್ದೆ. ಹುಡುಗಿ ಅಂಗಡಿಯಿಂದ ಬಂದು ಮೀಟರಿಗೆ ಕೀಲಿ ಚುಚ್ಚಬೇಕು. ನಟಿಸುತ್ತಿದ್ದವಳು ನಮ್ಮ ಹಾಸನದ ಹುಡುಗಿಯೇ. ನಾಲ್ಕು ಸಲ ತೆಗೆದರು. ಪ್ರತಿ ಸಲವೂ ಅವಳು ಕೀಲಿ ಚುಚ್ಚಿ, ಮೀಟರಿನ ಚಿಕ್ಕ ಪರದೆಯನ್ನು ದಿಟ್ಟಿಸಿ ನೋಡಿ, ಹುಬ್ಬು ಗಂಟಿಕ್ಕುತ್ತಿದ್ದಳು. ಏನೋ ಸರಿಯಿಲ್ಲ ಎಂದು ಎಲ್ಲರಿಗೂ ಅನ್ನಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಐದನೆಯ ಸಲಕ್ಕೆ ಮೊದಲು ಆ ಹುಡುಗ ಕ್ಯಾಮೆರಾ ಕೆಳಗಿಟ್ಟು, ‘ಕೊಡು ಇಲ್ಲಿ’ ಎಂದು ಕೀಲಿ ತೆಗೆದುಕೊಂಡ. ಕಪಾಟಿನೊಳಗೆ ಅರ್ಧ ಬಗ್ಗಿ, ಹೆಬ್ಬೆರಳಿನಿಂದ ಕೀಲಿಯನ್ನು ಒತ್ತಿ ಹಿಡಿದ. ಪರದೆಯ ಕಡೆ ನೋಡಲೇ ಇಲ್ಲ. ತಲೆಯನ್ನು ಸ್ವಲ್ಪ ಹೊರಳಿಸಿ ಅಡುಗೆಮನೆಯ ಕಡೆಗೆ ಕಿವಿ ಕೊಟ್ಟು ನಿಂತ.

ಹುಡುಗಿ ಕೀಲಿ ವಾಪಸು ತೆಗೆದುಕೊಂಡು ಹಾಗೆಯೇ ಮಾಡಿದಳು. ಆ ಶಾಟ್ 11 ಸೆಕೆಂಡು ಇದೆ. ಗೋಡೆಯಾಚೆ ವಾಷಿಂಗ್ ಮೆಷಿನ್ ತಿರುಗುತ್ತಿರುತ್ತದೆ, ಅಡುಗೆಮನೆಯಿಂದ ಏನೂ ಕೇಳಿಸುವುದಿಲ್ಲ. ಆಮೇಲೆ ಕಪ್ಪು, ಸಿನಿಮಾದ ಹೆಸರು.